ಮಳೆಗಾಲ ಹಿಡೀತು, ಮನೆಯ ನಾಯಿ-ಬೆಕ್ಕು ಜೋಪಾನ: ಇಲಿ ಪಾಷಾಣದಿಂದ ಬಚ್ಚಲ ಒಲೆ ತನಕ ಎಲ್ಲೆಲ್ಲಿದೆ ಅಪಾಯ?

ಶಿವಮೊಗ್ಗ: ಮುಂಗಾರು ಹಿಡೀತು ಅಂದ್ರೆ ಮಲೆನಾಡಿನ ಮನೆಗಳಲ್ಲಿ ಮೂರು ಕೆಲಸ ಹೆಚ್ಚುಕಮ್ಮಿ ಒಟ್ಟಿಗೇ ಶುರುವಾಗುತ್ತವೆ. ಅಡಿಕೆಗೆ ಔಷಧಿ ಹೊಡೆಯುವುದು, ಗದ್ದೆ ಬಿಟ್ಟು ಮನೆಯೊಳಗೆ ನುಗ್ಗುವ ಇಲಿಗೆ ಪಾಷಾಣ ಇಡುವುದು, ಸಸಿ ತಿನ್ನುವ ಬಸವನಹುಳಕ್ಕೆ ಗುಳಿಗೆ ಹಾಕುವುದು. ಮೂರನ್ನೂ ನಾವು ಮಕ್ಕಳ ಕೈಗೆ ಸಿಗದ ಹಾಗೆ ಇಡ್ತೀವಿ. ಆದರೆ ನಾಯಿಯ ಮೂತಿ ಎಲ್ಲಿಗೆ ಎಟುಕುತ್ತೆ, ಬೆಕ್ಕು ಯಾವ ಅಟ್ಟ ಹತ್ತುತ್ತೆ ಅಂತ ಯೋಚನೆ ಮಾಡುವವರು ಕಡಿಮೆ.

ಸಾಕುಪ್ರಾಣಿಗೆ ಮನೆ ಸುರಕ್ಷಿತ ಮಾಡೋದು ಹೇಗೆ ಅಂತ ಹುಡುಕಿದರೆ ಸಿಗುವ ಸಲಹೆಗಳೆಲ್ಲ ಸೋಫಾ, ಕಾರ್ಪೆಟ್ ಇರುವ ಮನೆಯವು. ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆಯ ಮನೆಗೆ ಅಂಗಳ ಇದೆ, ಕೊಟ್ಟಿಗೆ ಇದೆ, ಬಾವಿ ಇದೆ, ಹಿತ್ತಲ ಆಚೆ ಕಾಡಿದೆ. ನಮ್ಮ ಅಪಾಯಗಳೇ ಬೇರೆ. ಹಾಗಾಗಿ ಈ ಬರಹ ನಮ್ಮ ಜಿಲ್ಲೆಯ ಮನೆಗಳಿಗೆ. ಪೇಟೆಯಲ್ಲಿರುವವರಿಗೆ ಬೇಕಾದ್ದೂ ಮಧ್ಯೆ ಇದೆ.

ಇಲಿ ಪಾಷಾಣ: ಎರಡು ಥರ, ಎರಡು ರೀತಿಯ ಸಾವು

ಅಂಗಡಿಯಲ್ಲಿ ಸಿಗುವ ಇಲಿ ಪಾಷಾಣ ಎಲ್ಲ ಒಂದೇ ಅಲ್ಲ. ಇದು ಗೊತ್ತಿದ್ದರೆ ನಾಯಿ ಬದುಕುವ ಅವಕಾಶ ಹೆಚ್ಚು.

ಒಂದು, ಕೇಕು ಅಥವಾ ಬಿಲ್ಲೆ ರೂಪದಲ್ಲಿ ಬರುವ ಬ್ರೋಮಾಡಿಯೋಲೋನ್ ಥರದ್ದು. ಇದು ರಕ್ತ ಹೆಪ್ಪುಗಟ್ಟದ ಹಾಗೆ ಮಾಡುತ್ತದೆ. ಮೋಸ ಇರುವುದು ಸಮಯದಲ್ಲಿ. ತಿಂದ ದಿನ ನಾಯಿ ಆರಾಮಾಗೇ ಇರುತ್ತದೆ, ಮರುದಿನವೂ ಊಟ ಮಾಡುತ್ತದೆ, ಬಾಲ ಅಲ್ಲಾಡಿಸುತ್ತದೆ. 'ಏನೂ ಆಗಿಲ್ಲ ಬಿಡಿ' ಅಂತ ಮನೆಯವರು ನಿರಾಳ ಆಗಿಬಿಡ್ತಾರೆ. ಮೂರು ದಿನಕ್ಕೋ ಐದು ದಿನಕ್ಕೋ ನಾಯಿ ಮಂಕಾಗುತ್ತದೆ, ಒಸಡು ಬಿಳಿಚಿಕೊಳ್ಳುತ್ತದೆ, ಕೆಮ್ಮು ಬರುತ್ತದೆ, ಸಗಣಿ ಕಪ್ಪಾಗುತ್ತದೆ ಅಥವಾ ಮೂಗಿನಲ್ಲಿ ರಕ್ತ ಕಾಣುತ್ತದೆ. ಅಷ್ಟು ಹೊತ್ತಿಗೆ ಒಳಗೆ ರಕ್ತಸ್ರಾವ ಶುರುವಾಗಿರುತ್ತದೆ. ಇದಕ್ಕೆ ಮದ್ದು ಇದೆ: ವಿಟಮಿನ್ ಕೆ1. ವೈದ್ಯರು ವಾರಗಟ್ಟಲೆ ಕೊಡುತ್ತಾರೆ. ನಾಯಿ ಗೆಲುವಾಯ್ತು ಅಂತ ನಾಲ್ಕೇ ದಿನಕ್ಕೆ ನಿಲ್ಲಿಸಿದರೆ ಮತ್ತೆ ರಕ್ತ ಸೋರುತ್ತದೆ, ಯಾಕೆಂದರೆ ಆ ವಿಷ ಮೈಯಲ್ಲಿ ಬಹಳ ದಿನ ಉಳಿಯುವಂಥದ್ದು. ತಿಂದದ್ದು ಕಣ್ಣಿಗೆ ಬಿದ್ದ ದಿನವೇ ಆಸ್ಪತ್ರೆಗೆ ಹೋದರೆ ಇದು ಗೆಲ್ಲಬಹುದಾದ ಕೇಸು.

ಇನ್ನೊಂದು, ಕಪ್ಪು ಪುಡಿ. ಜಿಂಕ್ ಫಾಸ್ಫೈಡ್. ಹುರಿದ ಕೊಬ್ಬರಿ, ಒಣಮೀನು, ಬೋಂಡಾದಲ್ಲಿ ಬೆರೆಸಿ ಇಡುವುದು ಇದನ್ನೇ. ಹೊಟ್ಟೆಯ ಆಮ್ಲಕ್ಕೆ ಸೇರಿದ ಕೂಡಲೇ ಫಾಸ್ಫೀನ್ ಅನ್ನುವ ವಿಷಾನಿಲ ಏಳುತ್ತದೆ. ಇಲ್ಲಿ ದಿನಗಳ ಲೆಕ್ಕ ಇಲ್ಲ, ಗಂಟೆಗಳ ಲೆಕ್ಕ. ವಾಂತಿ, ಏದುಸಿರು, ನಡುಕ, ಸೆಳೆತ. ಇದಕ್ಕೆ ನಿರ್ದಿಷ್ಟ ಪ್ರತಿವಿಷ ಇಲ್ಲ. ಮನೆಯವರು ಸಾಮಾನ್ಯವಾಗಿ ಮಾಡುವ ತಪ್ಪು ಅಂದ್ರೆ 'ವಿಷ ತೆಳುವಾಗಲಿ' ಅಂತ ಅನ್ನ, ಹಾಲು ತಿನ್ನಿಸುವುದು. ಹೊಟ್ಟೆಗೆ ಆಹಾರ ಬಿದ್ದರೆ ಆಮ್ಲ ಹೆಚ್ಚಾಗುತ್ತೆ, ಅನಿಲವೂ ಹೆಚ್ಚಾಗುತ್ತೆ. ಏನೂ ತಿನ್ನಿಸದೆ ಹೊರಡಬೇಕು.

ಪಾಷಾಣ ಇಟ್ಟ ಜಾಗ ನಾಯಿಗೆ ಸಿಗಲ್ಲ ಅಂದ್ಕೊಂಡರೂ ಇಲಿ ಸಿಗುತ್ತದಲ್ಲ? ಬಿಲ್ಲೆ ತಿಂದ ಇಲಿ ಕೂಡಲೇ ಸಾಯುವುದಿಲ್ಲ, ಮಂಕಾಗಿ ಓಡಾಡುತ್ತದೆ. ಅಂಥ ಇಲಿಯೇ ಬೆಕ್ಕಿಗೆ ಸುಲಭದ ಬೇಟೆ. ಹಾಗಾಗಿ ಬೆಕ್ಕು ಸಾಕಿದ ಮನೆಯಲ್ಲಿ ಪಾಷಾಣವೇ ಬೇಡ ಅನ್ನೋದು ನಮ್ಮ ಅಭಿಪ್ರಾಯ. ಇಲಿ ಬೋನು, ಅಂಟಿಲ್ಲದ ಹಳೇ ಕಾಲದ ಕತ್ತರಿ, ಅಡಿಕೆ ಚೀಲ ಇಡುವ ಕೋಣೆಯ ಬಾಗಿಲ ಸಂದಿಗೆ ತಗಡು, ಇಷ್ಟರಲ್ಲೇ ಮುಗಿಸಲು ನೋಡಿ. ಇಡಲೇಬೇಕು ಅಂತಾದರೆ ಇಟ್ಟ ಜಾಗ, ಎಷ್ಟು ಬಿಲ್ಲೆ ಅನ್ನೋದನ್ನು ಬರೆದಿಟ್ಟುಕೊಳ್ಳಿ, ಬೆಳಗ್ಗೆ ಎಣಿಸಿ, ಪೊಟ್ಟಣ ಎಸೆಯಬೇಡಿ. ಡಾಕ್ಟರು ಮೊದಲು ಕೇಳುವುದೇ ಅದನ್ನು: ಯಾವ ಪಾಷಾಣ?

ತೋಟದ ಔಷಧಿಗಳು

ಬಸವನಹುಳದ ಗುಳಿಗೆಯಲ್ಲಿ ಇರುವುದು ಮೆಟಾಲ್ಡಿಹೈಡ್. ಹುಳ ಬರಲಿ ಅಂತ ಅದಕ್ಕೆ ತೌಡಿನಂಥ ತಿನಿಸು ಸೇರಿಸಿರುತ್ತಾರೆ, ನಾಯಿಗೂ ಅದು ತಿನಿಸೇ. ಕೆಲವರು ತೌಡು-ಬೆಲ್ಲಕ್ಕೆ ಕೀಟನಾಶಕ ಕಲಸಿ ಉಂಡೆ ಮಾಡಿ ಇಡುತ್ತಾರೆ, ಅದು ಇನ್ನೂ ಅಪಾಯ. ತಿಂದು ಗಂಟೆಯೊಪ್ಪತ್ತಿನಲ್ಲಿ ನಾಯಿಗೆ ಜೊಲ್ಲು, ನಡುಕ, ಮೈ ಕಾವೇರುವುದು, ಕೊನೆಗೆ ಫಿಟ್ಸ್. ಗುಳಿಗೆಯ ಬದಲು ಸಂಜೆ ಹೊತ್ತು ಒದ್ದೆ ಗೋಣಿಚೀಲ, ಪಪ್ಪಾಯಿ ಎಲೆ ಹಾಸಿಟ್ಟು, ಕೆಳಗೆ ಸೇರಿದ ಹುಳಗಳನ್ನು ಆರಿಸಿ ಉಪ್ಪುನೀರಿಗೆ ಹಾಕುವುದು ಹಳೆಯ ದಾರಿ. ಕೆಲಸ ಜಾಸ್ತಿ, ನಿಜ. ಆದರೆ ಮನೆ ಸುತ್ತಲ ಹತ್ತಿಪ್ಪತ್ತು ಬುಡಕ್ಕಾದರೂ ಹಾಗೆ ಮಾಡಬಹುದು, ಗುಳಿಗೆ ದೂರದ ತೋಟಕ್ಕೆ ಇರಲಿ.

ಕೊಳೆರೋಗಕ್ಕೆ ಬೋರ್ಡೋ ಹೊಡೆಯುವ ದಿನ ಇನ್ನೊಂದು ಗಮನ. ನೂರು ಲೀಟರಿನ ಡ್ರಮ್ಮಿನ ತಳದಲ್ಲಿ ಉಳಿದ ನೀಲಿ ನೀರು, ಮೈಲುತುತ್ತು ನೆನೆಸಿದ ಬಕೆಟ್ಟು ಸಂಜೆ ತನಕ ಅಂಗಳದಲ್ಲೇ ಬಿದ್ದಿರುತ್ತವೆ. ಮಳೆ ನೀರು ತುಂಬಿ ತಿಳಿಯಾದಂತೆ ಕಾಣುತ್ತದೆ, ನಾಯಿ ಕುಡಿಯುತ್ತದೆ. ಮೈಲುತುತ್ತು ಹೊಟ್ಟೆಯನ್ನೂ ಲಿವರನ್ನೂ ಸುಡುವ ವಸ್ತು. ಡ್ರಮ್ಮು ತೊಳೆದು ಬೋರಲು ಹಾಕಿ, ನಾಯಿಗೆ ಬೇರೆ ಕಡೆ ಒಳ್ಳೆ ನೀರು ಇಡಿ.

ಹರಳು ಹಿಂಡಿ ಬಗ್ಗೆ ಬಹಳ ಜನಕ್ಕೆ ಗೊತ್ತೇ ಇಲ್ಲ. ಗೊಬ್ಬರ ತಾನೆ ಅಂತ ಗುಲಾಬಿ ಗಿಡದ ಬುಡಕ್ಕೂ ಹಾಕ್ತಾರೆ. ಔಡಲ ಬೀಜದಲ್ಲಿರುವ ರೈಸಿನ್ ಅನ್ನುವ ವಿಷ ಎಣ್ಣೆಗೆ ಹೋಗುವುದಿಲ್ಲ, ಹಿಂಡಿಯಲ್ಲೇ ಉಳಿಯುತ್ತದೆ. ವಾಸನೆಗೆ ನಾಯಿ ಮಣ್ಣು ಕೆದರಿ ತಿಂದು ರಕ್ತವಾಂತಿ ಮಾಡಿಕೊಳ್ಳುತ್ತದೆ. ನಾಯಿ ಬಿಡುವ ಜಾಗಕ್ಕೆ ಹರಳು ಹಿಂಡಿ ಬೇಡ, ಸಗಣಿ ಗೊಬ್ಬರ ಸಾಕು. ಚೀಲವನ್ನೂ ನೆಲದ ಮೇಲೆ ಬಿಡಬೇಡಿ.

ಅಂಗಳದ ಗಿಡಗಳಲ್ಲಿ ಕಣಗಿಲೆ (ಕೆಂಪಿರಲಿ, ಹಳದಿ ಇರಲಿ) ಹೃದಯಕ್ಕೆ ಕೆಟ್ಟದ್ದು. ದೊಡ್ಡ ನಾಯಿ ಅದನ್ನು ಮುಟ್ಟುವುದು ಕಡಿಮೆ, ಕಡ್ಡಿ ಸಿಕ್ಕಿದ್ದೆಲ್ಲ ಕಚ್ಚುವ ಮರಿಗಳದ್ದೇ ಭಯ. ಪೇಟೆ ಮನೆಯವರು ಕುಂಡದಲ್ಲಿಡುವ ಸೈಕಸ್ ಗಿಡದ ಬೀಜ ನಾಯಿಯ ಲಿವರಿಗೆ ವಿಷ. ಹೂಗುಚ್ಛದಲ್ಲಿ ಬರುವ ದೊಡ್ಡ ಲಿಲ್ಲಿ ಹೂವು ಬೆಕ್ಕಿನ ಕಿಡ್ನಿ ಕೆಡಿಸುತ್ತದೆ, ಅದರ ಪರಾಗ ಮೈಗೆ ಅಂಟಿ ನೆಕ್ಕಿಕೊಂಡರೂ ಸಾಕು.

ಅಡುಗೆಮನೆ, ದೇವರಮನೆ, ಔಷಧಿ ಡಬ್ಬ

ಚಾಕಲೇಟ್ ನಾಯಿಗೆ ಆಗಲ್ಲ ಅಂತ ಈಗ ಎಲ್ಲರಿಗೂ ಗೊತ್ತು. ಕಪ್ಪಾದಷ್ಟೂ ಅದು ಕೆಟ್ಟದ್ದು. ಆದರೆ ಒಣದ್ರಾಕ್ಷಿ? ಪಾಯಸದಲ್ಲಿ, ಕೇಸರಿಬಾತಿನಲ್ಲಿ ಇರುವ ದ್ರಾಕ್ಷಿ ಕೆಲವು ನಾಯಿಗಳ ಕಿಡ್ನಿಯನ್ನೇ ನಿಲ್ಲಿಸುತ್ತದೆ. ಅದರಲ್ಲಿರುವ ಟಾರ್ಟಾರಿಕ್ ಆಮ್ಲ ಕಾರಣ ಇರಬಹುದು ಅನ್ನುವುದು ಈಗಿನ ತಜ್ಞರ ಅನುಮಾನ. ಅದೇ ಆಮ್ಲ ಹುಣಸೆಹಣ್ಣಿನಲ್ಲೂ ಇದೆ, ಆದ್ದರಿಂದ ಹುಳಿ, ಸಾರು ಕಲಸಿದ ಅನ್ನ ದಿನಾ ಹಾಕುವ ರೂಢಿ ಬಿಡುವುದು ಒಳ್ಳೆಯದು. ಹೇಗೂ ಈರುಳ್ಳಿ, ಬೆಳ್ಳುಳ್ಳಿ ನಾಯಿ-ಬೆಕ್ಕಿನ ರಕ್ತದ ಕಣ ಒಡೆಯುತ್ತವೆ. ಬೆಕ್ಕಿಗೆ ಇನ್ನೂ ಬೇಗ ತಾಗುತ್ತದೆ. ಸಕ್ಕರೆರಹಿತ ಚ್ಯೂಯಿಂಗ್ ಗಮ್ಮಿನಲ್ಲಿರುವ ಜೈಲಿಟಾಲ್ ನಾಯಿಯ ರಕ್ತದ ಸಕ್ಕರೆಯನ್ನು ಒಮ್ಮೆಲೇ ಇಳಿಸುತ್ತದೆ. ಶುಗರ್ ಇರುವವರ ಮನೆಯಲ್ಲಿ ಇದು ನೆನಪಿರಲಿ.

ಮಾವಿನ ಗೊರಟು, ಜೋಳದ ದಿಂಡು, ಬೇಯಿಸಿದ ಕೋಳಿ ಮೂಳೆ: ಇವು ವಿಷ ಅಲ್ಲ, ಸಿಕ್ಕಿಕೊಳ್ಳುವ ವಸ್ತು. ಊಟ ಬಿಟ್ಟು ಮತ್ತೆ ಮತ್ತೆ ವಾಂತಿ ಮಾಡುವ ನಾಯಿಗೆ 'ಹುಲ್ಲು ತಿಂದು ಸರಿಹೋಗುತ್ತೆ' ಅಂತ ಕಾಯಬೇಡಿ. ಬೆಕ್ಕಿನ ವಿಚಾರದಲ್ಲಿ ದಾರ ಕೆಟ್ಟದ್ದು. ಹೊಲಿಗೆ ದಾರ, ಹೂ ಕಟ್ಟಿದ ದಾರ ನುಂಗಿದರೆ ಕರುಳು ನೆರಿಗೆಯಾಗಿ ಹರಿಯುತ್ತದೆ. ಬಾಯಲ್ಲೋ ಹಿಂದೆಯೋ ದಾರದ ತುದಿ ಕಂಡರೆ ಎಳೆಯಬೇಡಿ, ಹಾಗೇ ಕರೆದುಕೊಂಡು ಹೋಗಿ.

ದೇವರಮನೆಯ ಕರ್ಪೂರ ಫಿಟ್ಸ್ ತರಿಸುವ ವಸ್ತು. ಬಟ್ಟೆ ಕಪಾಟಿನ ನುಸಿಗುಳಿಗೆಯೂ ಹಾಗೇ ಅಪಾಯ. ಎರಡನ್ನೂ ಮುಚ್ಚಳದ ಡಬ್ಬಿಯಲ್ಲಿಡಿ.

ಔಷಧಿ ಡಬ್ಬದ ಕಥೆ ಬೇರೆಯೇ. ಬೆಕ್ಕಿಗೆ ಮೈ ಬಿಸಿ ಇದೆ ಅಂತ ಜ್ವರದ ಮಾತ್ರೆ ಅರ್ಧ ಮಾಡಿ ಕೊಡುವವರು ಇದ್ದಾರೆ. ಪ್ಯಾರಾಸಿಟಮಾಲನ್ನು ಕರಗಿಸಿ ಹೊರಹಾಕುವ ಶಕ್ತಿ ಬೆಕ್ಕಿನ ಲಿವರಿಗೆ ಇಲ್ಲ. ಒಂದೇ ಮಾತ್ರೆ ಬೆಕ್ಕನ್ನು ಕೊಲ್ಲಬಹುದು. ಒಸಡು ಕಂದುಬಣ್ಣಕ್ಕೆ ತಿರುಗುತ್ತದೆ, ಮುಖ ಊದುತ್ತದೆ. ನೋವಿಗೆ ನಾವು ನುಂಗುವ ಐಬುಪ್ರೊಫೇನ್ ನಾಯಿಯ ಹೊಟ್ಟೆ, ಕಿಡ್ನಿ ಎರಡನ್ನೂ ಹಾಳುಮಾಡುತ್ತದೆ. ಹಾಗೇ, ದನಕ್ಕೆ ಅಂತ ತಂದ ಹುಳದ ಔಷಧಿ, ಉಣುಗಿನ ಔಷಧಿಯನ್ನು ಅಂದಾಜಿನ ಮೇಲೆ ನಾಯಿಗೆ ಹಾಕೋದು ಬೇಡ. ಇನ್ನೂರು ಮುನ್ನೂರು ಕೆಜಿ ದನದ ಲೆಕ್ಕ ಹನ್ನೆರಡು ಕೆಜಿ ನಾಯಿಗೆ ಹೊಂದುವುದಿಲ್ಲ. ನಾಯಿಗೆ ಅಂತಲೇ ತಂದ ಪರ್ಮೆಥ್ರಿನ್ ಔಷಧಿಯನ್ನು ಬೆಕ್ಕಿಗೆ ಹಚ್ಚಿದರೂ ಬೆಕ್ಕು ನಡುಗಿ ಸಾಯಬಹುದು.

ನೆಲ ಒರೆಸುವ ಫಿನಾಯಿಲ್ ಕೂಡ ಬೆಕ್ಕಿಗೆ ಆಗುವುದಿಲ್ಲ. ಒದ್ದೆ ನೆಲದ ಮೇಲೆ ನಡೆದು ಪಾದ ನೆಕ್ಕಿಕೊಳ್ಳುತ್ತದೆ, ಅಲ್ಲಿಗೆ ಒಳಗೆ ಹೋದಂತೆಯೇ. ಬೆಕ್ಕಿರುವ ಮನೆಗೆ ಸೋಪಿನ ನೀರು ಸಾಕು. ಇರುವೆಗೆ ಗೆರೆ ಎಳೆಯುವ ಚಾಕು, ಮೈಗೆ ಹಚ್ಚುವ ನೀಲಗಿರಿ ಎಣ್ಣೆ ಇವುಗಳಿಂದಲೂ ಬೆಕ್ಕನ್ನು ದೂರ ಇಡಿ.

ಬಚ್ಚಲ ಒಲೆ, ಬಾವಿ, ಗೋಬರ್ ಗ್ಯಾಸ್ ಗುಂಡಿ

ಮಳೆಗಾಲದಲ್ಲಿ ಬೆಕ್ಕಿಗೆ ಬೆಚ್ಚಗಿನ ಜಾಗ ಯಾವುದು? ಬಚ್ಚಲ ಒಲೆಯ ಬೂದಿ. ಬೆಳಗಿನ ಜಾವ ಕತ್ತಲಲ್ಲಿ ಒಲೆಗೆ ಬೆಂಕಿ ಹಾಕುವ ಮುನ್ನ ಕಡ್ಡಿಯಿಂದ ಒಮ್ಮೆ ಒಳಗೆ ತಟ್ಟಿ ನೋಡುವ ಅಭ್ಯಾಸ ಇರಲಿ. ಮರಿ ಇದ್ದ ಮನೆಯಲ್ಲಂತೂ ಕಡ್ಡಾಯ. ಪೇಟೆಯಲ್ಲಿ ಇದೇ ಕೆಲಸವನ್ನು ಕಾರಿನ ಇಂಜಿನ್ನು, ವಾಷಿಂಗ್ ಮಷೀನು ಮಾಡುತ್ತವೆ. ಕಾರು ಸ್ಟಾರ್ಟ್ ಮಾಡುವ ಮೊದಲು ಬಾನೆಟ್ಟಿಗೆ ಎರಡು ಸಲ ಬಡಿದರೆ ಒಳಗೆ ಮಲಗಿದ ಬೆಕ್ಕು ಇಳಿದು ಹೋಗುತ್ತದೆ.

ಕಟ್ಟೆ ಇಲ್ಲದ ಬಾವಿ, ತುಂಬಿದ ಇಂಗುಗುಂಡಿ, ಗೋಬರ್ ಗ್ಯಾಸಿನ ಸ್ಲರಿ ಗುಂಡಿ, ಮೂರೂ ನಾಯಿಮರಿಗೆ ಬಲೆ. ಸ್ಲರಿಯ ಮೇಲೆ ಕೆನೆಗಟ್ಟಿ ಒಣಗಿ ಗಟ್ಟಿ ನೆಲದಂತೆ ಕಾಣುತ್ತದೆ, ಕಾಲಿಟ್ಟರೆ ಒಳಗೆ. ಅದಕ್ಕೆ ಅಡಿಕೆ ದಬ್ಬೆಯ ತಡಿಕೆಯೊಂದು ಮುಚ್ಚಿದರೆ ಆಯ್ತು, ಅರ್ಧ ದಿನದ ಕೆಲಸ. ಬಿದ್ದ ಪ್ರಾಣಿಯನ್ನು ಎತ್ತಲು ಯಾರೂ ಗುಂಡಿಗೆ ಇಳಿಯಬಾರದು. ಅಲ್ಲಿನ ಅನಿಲ ಮನುಷ್ಯರನ್ನೂ ಉಳಿಸುವುದಿಲ್ಲ. ಬಾವಿಗೆ ಬಿದ್ದರೆ ಬುಟ್ಟಿ ಅಥವಾ ಹಲಗೆ ಹಗ್ಗದಲ್ಲಿ ಇಳಿಸಿ ಅದರ ಮೇಲೆ ನಿಲ್ಲಲು ಬಿಡಿ, ಅಗ್ನಿಶಾಮಕದವರಿಗೆ ಫೋನ್ ಮಾಡಿ.

ಬೇಲಿಗೆ ನೇರ ಕರೆಂಟು ಕೊಡುವುದು ಕಾನೂನುಬಾಹಿರ ಅಂತ ಎಷ್ಟು ಸಲ ಹೇಳಿದರೂ ನಿಂತಿಲ್ಲ. ಕಾಡುಹಂದಿಗೆ ಅಂತ ಹಾಕಿದ ತಂತಿ, ಉರುಳು, ಸಿಡಿಮದ್ದು ಮೊದಲು ಬಲಿ ತೆಗೆದುಕೊಳ್ಳುವುದು ಊರಿನ ನಾಯಿಯನ್ನು, ಆಮೇಲೆ ಮನುಷ್ಯರನ್ನು.

ಉಣುಗು

ನಾಯಿಯ ಮೈಮೇಲೆ ಕಾಣುವ ಉಣುಗು ಸ್ವಲ್ಪವೇ. ಮೊಟ್ಟೆ, ಮರಿಗಳು ಇರುವುದು ಗೋಡೆ ಬಿರುಕಿನಲ್ಲಿ, ಗೂಡಿನ ಗೋಣಿಚೀಲದಲ್ಲಿ, ಸೌದೆ ರಾಶಿಯಲ್ಲಿ. ಹಾಗಾಗಿ ನಾಯಿಗೆ ಮಾತ್ರ ಔಷಧಿ ಹಾಕಿದರೆ ಹದಿನೈದು ದಿನಕ್ಕೆ ಮತ್ತೆ ಅದೇ ಕಥೆ. ಹಾಸಿದ ಗೋಣಿಯನ್ನು ಕುದಿಯುವ ನೀರಿಗೆ ಹಾಕಿ ಬಿಸಿಲಿಗೆ ಒಣಗಿಸಿ, ಗೂಡಿನ ಬಿರುಕಿಗೆ ಸಿಮೆಂಟ್ ಬಳಿಯಿರಿ. ಉಣುಗಿನಿಂದ ಬರುವ ಜ್ವರ (ಎರ್ಲಿಕಿಯಾ, ಬೆಬೀಸಿಯಾ) ನಾಯಿಯ ರಕ್ತ ಹೀರಿಬಿಡುತ್ತದೆ. ಊಟ ಬಿಟ್ಟು, ಒಸಡು ಬಿಳಿಚಿ, ಮೂತ್ರ ಕೆಂಪಾದರೆ ತಡ ಮಾಡಬೇಡಿ.

ನಮ್ಮ ಜಿಲ್ಲೆಗೆ ಉಣುಗು ಅಂದ ಕೂಡಲೇ ಮಂಗನ ಕಾಯಿಲೆ ನೆನಪಾಗುತ್ತದೆ. 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ಕಾಯಿಲೆ ಅದು. ನಾಯಿಯಿಂದ ನೇರ ಹರಡುವುದಿಲ್ಲ. ಆದರೆ ಕಾಡಿಗೆ ಹೋಗಿ ಬಂದ ನಾಯಿ, ದನ ಉಣುಗನ್ನು ಮನೆಗೆ ತರಬಹುದು. ಬೇಸಿಗೆ ಮುಗಿಯುವ ತನಕ ಕಾಡಂಚಿನ ಮನೆಯವರು ನಾಯಿಯನ್ನು ಹಾಸಿಗೆಗೆ ಬಿಟ್ಟುಕೊಳ್ಳದಿರುವುದು ಒಳಿತು. ಆರೋಗ್ಯ ಇಲಾಖೆ ಕೊಡುವ ಎಣ್ಣೆ ಮನುಷ್ಯರ ಚರ್ಮಕ್ಕೆ, ಅದನ್ನು ನಾಯಿಗೆ ಬಳಿಯಬೇಡಿ. ನಾಯಿ ಮೈ ನೆಕ್ಕುತ್ತದೆ.

ಹಾವು, ಚಿರತೆ

ಸೌದೆ ರಾಶಿ, ಹೆಂಚಿನ ಒಟ್ಟಿಲು, ತೆಂಗಿನ ಸಿಪ್ಪೆಯ ಗುಡ್ಡೆ ನಾಯಿಗೂಡಿನ ಪಕ್ಕದಲ್ಲಿ ಇರಬಾರದು. ಇಲಿ ಇದ್ದಲ್ಲಿ ಹಾವು. ನಾಯಿಗೆ ಹಾಕಿದ ಅನ್ನ ರಾತ್ರಿ ಉಳಿದರೆ ಇಲಿ ಬರುತ್ತದೆ, ತಟ್ಟೆ ತೊಳೆದಿಡಿ. ನಾಯಿಗೆ ಹಾವು ಕಚ್ಚುವುದು ಹೆಚ್ಚಾಗಿ ಮುಖಕ್ಕೆ, ಮುಂಗಾಲಿಗೆ. ಬಟ್ಟೆ ಬಿಗಿಯುವುದು, ಕೊಯ್ಯುವುದು, ಸೊಪ್ಪಿನ ರಸ ಹಿಂಡುವುದು ಯಾವುದೂ ಬೇಡ. ನಡೆಸದೆ ಎತ್ತಿಕೊಂಡು ಹೋಗಿ. ನಾಗರ, ಕೊಳಕುಮಂಡಲ, ಕಟ್ಟುಹಾವಿನ ವಿಷಕ್ಕೆ ಮನುಷ್ಯರಿಗೆ ಕೊಡುವ ಪ್ರತಿವಿಷವೇ ನಾಯಿಗೂ ಕೆಲಸ ಮಾಡುತ್ತದೆ. ಎಲ್ಲ ಪಶು ಆಸ್ಪತ್ರೆಯಲ್ಲೂ ದಾಸ್ತಾನು ಇರುತ್ತದೆ ಅಂತ ಹೇಳಲಾಗದು, ಹೊರಡುವ ಮುನ್ನ ಫೋನಿನಲ್ಲಿ ಕೇಳಿಕೊಂಡರೆ ಒಂದು ಸುತ್ತಾಟ ತಪ್ಪುತ್ತದೆ.

ಚಿರತೆಗೆ ಊರಂಚಿನಲ್ಲಿ ಸುಲಭದ ಊಟ ಅಂದ್ರೆ ನಾಯಿ. ಅದರಲ್ಲೂ ಸರಪಳಿಯಲ್ಲಿ ಕಟ್ಟಿದ ನಾಯಿ. ಅದಕ್ಕೆ ಓಡಲೂ ಆಗುವುದಿಲ್ಲ, ಅಟ್ಟದ ಕೆಳಗೆ ನುಸುಳಲೂ ಆಗುವುದಿಲ್ಲ. ಕತ್ತಲಾದ ಮೇಲೆ ಜಗಲಿಯ ಕಂಬಕ್ಕೆ ಕಟ್ಟುವ ಬದಲು ನಾಲ್ಕೂ ಕಡೆ ಗಟ್ಟಿ ಜಾಲರಿ, ಮೇಲೆ ಗಟ್ಟಿ ಮಾಡು ಇರುವ ಗೂಡಿಗೆ ಹಾಕಿ ಚಿಲಕ ಹಾಕಿ, ಇಲ್ಲವೇ ಕೊಟ್ಟಿಗೆಯೊಳಗೆ ಬಿಟ್ಟು ಬಾಗಿಲು ಮುಚ್ಚಿ. 'ಕಾವಲಿಗೆ ತಾನೆ ಸಾಕಿದ್ದು' ಅನ್ನುವವರಿಗೆ ಒಂದು ಮಾತು: ಗೂಡಿನೊಳಗಿಂದಲೂ ನಾಯಿ ಬೊಗಳುತ್ತದೆ. ದಿನವಿಡೀ ಕಟ್ಟಿ ಹಾಕಿ ಓಡಾಡಿಸದೇ ಇರುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ 11ನೇ ಸೆಕ್ಷನ್ ಪ್ರಕಾರ ಅಪರಾಧ ಅನ್ನೋದೂ ಗೊತ್ತಿರಲಿ.

ಅಪಾರ್ಟ್‌ಮೆಂಟ್‌ನವರು ಬಾಲ್ಕನಿಗೆ ಬಲೆ ಹಾಕಿಸಿ. ಬೆಕ್ಕು ಬೀಳಲ್ಲ ಅನ್ನೋದು ನಂಬಿಕೆ ಅಷ್ಟೆ, ಪಾರಿವಾಳದ ಹಿಂದೆ ಹಾರಿದರೆ ಬೀಳುತ್ತದೆ. ದೀಪಾವಳಿ ಪಟಾಕಿಗೆ ಹೆದರಿ ಓಡಿಹೋಗುವ ನಾಯಿಗೆ ಕೊರಳಪಟ್ಟಿಯ ಮೇಲೆ ನಿಮ್ಮ ಫೋನ್ ನಂಬರ್ ಇದ್ದರೆ ವಾಪಸ್ ಸಿಗುತ್ತದೆ.

ಲಸಿಕೆ

ರೇಬೀಸ್ ಲಸಿಕೆ ಮೂರು ತಿಂಗಳಿಗೆ ಮೊದಲನೆಯದು, ಆಮೇಲೆ ವೈದ್ಯರು ಹೇಳಿದಂತೆ ಮತ್ತೊಂದು, ನಂತರ ವರ್ಷ ವರ್ಷ. ಬೆಕ್ಕಿಗೂ ಬೇಕು. ಇಲಿ ಮೂತ್ರ ಸೇರಿದ ಮಳೆನೀರಿನಿಂದ ಇಲಿಜ್ವರ ನಾಯಿಗೂ ಬರುತ್ತದೆ, ನಾಯಿಯಿಂದ ಮನೆಯವರಿಗೂ ಬರಬಹುದು, ಅದರ ಲಸಿಕೆ ಬಗ್ಗೆಯೂ ಕೇಳಿ. ಮನೆ ನಾಯಿಯೇ ಪರಚಿದರೂ, ಕಚ್ಚಿದರೂ ಗಾಯವನ್ನು ಹರಿಯುವ ನೀರು, ಸೋಪಿನಲ್ಲಿ ಹದಿನೈದು ನಿಮಿಷ ತೊಳೆದು ಆಸ್ಪತ್ರೆಗೆ ಹೋಗಬೇಕು. ರೇಬೀಸ್ ಲಕ್ಷಣ ಕಂಡ ಮೇಲೆ ಉಳಿಸುವ ಮದ್ದಿಲ್ಲ.

ವಿಷ ತಿಂದಿದೆ ಅನ್ನಿಸಿದರೆ

ಉಪ್ಪುನೀರು ಕುಡಿಸಿ ವಾಂತಿ ಮಾಡಿಸುವುದು, ಹಸಿ ಮೊಟ್ಟೆ, ತೆಂಗಿನೆಣ್ಣೆ, ಹುಣಸೆ ನೀರು ಹಾಕುವುದು ಬೇಡವೇ ಬೇಡ. ಉಪ್ಪು ಹೆಚ್ಚಾದರೆ ಅದೇ ಇನ್ನೊಂದು ವಿಷ. ಫಿಟ್ಸ್ ಬರುತ್ತಿರುವ ನಾಯಿಯ ಬಾಯಿಗೆ ಏನು ಹಾಕಿದರೂ ಶ್ವಾಸಕೋಶಕ್ಕೆ ಹೋಗುತ್ತದೆ. ಸೀಮೆಎಣ್ಣೆ, ಟಾಯ್ಲೆಟ್ ಆಸಿಡ್ ಕುಡಿದದ್ದಾದರೆ ವಾಂತಿಯಿಂದ ಗಂಟಲು ಎರಡನೇ ಸಲ ಸುಡುತ್ತದೆ. ಮೈಮೇಲೆ ಔಷಧಿ ಚೆಲ್ಲಿದ್ದರೆ ಮಾತ್ರ ಕೂಡಲೇ ಸೋಪು ನೀರಲ್ಲಿ ತೊಳೆಯಿರಿ, ಕೈಗೆ ಪ್ಲಾಸ್ಟಿಕ್ ಚೀಲ ಸುತ್ತಿಕೊಂಡು.

ಒಸಡಿನ ಬಣ್ಣ ನೋಡಿಟ್ಟುಕೊಳ್ಳಿ. ಆರಾಮಾಗಿದ್ದಾಗ ಅದು ಗುಲಾಬಿ. ಬಿಳಿಚಿದೆಯೋ, ಕಂದಾಗಿದೆಯೋ, ನೀಲಿಯೋ ಅಂತ ಫೋನಿನಲ್ಲಿ ಹೇಳಿದರೆ ಡಾಕ್ಟರಿಗೆ ಅರ್ಧ ವಿಷಯ ಗೊತ್ತಾಗುತ್ತದೆ. ಎಷ್ಟು ಹೊತ್ತಿಗೆ ತಿಂದಿತು, ಎಷ್ಟು ತಿಂದಿತು, ನಾಯಿಯ ತೂಕ ಎಷ್ಟು, ಇಷ್ಟು ಹೇಳಿ. ಪೊಟ್ಟಣ ಮತ್ತು ವಾಂತಿಯ ಸ್ವಲ್ಪ ಭಾಗ ಡಬ್ಬಿಯಲ್ಲಿ ತೆಗೆದುಕೊಳ್ಳಿ. ನೋವಿನಲ್ಲಿರುವ ನಾಯಿ ಯಜಮಾನನನ್ನೂ ಕಚ್ಚುತ್ತದೆ, ವಾಂತಿ ಇಲ್ಲದಿದ್ದರೆ ಬಟ್ಟೆಪಟ್ಟಿಯಿಂದ ಮೂತಿ ಸಡಿಲವಾಗಿ ಕಟ್ಟಿ.

ಹತ್ತಿರದ ಪಶು ಆಸ್ಪತ್ರೆಯ ವೈದ್ಯರ ನಂಬರ್ ಇವತ್ತೇ ಫೋನಿನಲ್ಲಿ ಸೇವ್ ಮಾಡಿಕೊಳ್ಳಿ. ಶಿವಮೊಗ್ಗದಲ್ಲಿ ಪಶುವೈದ್ಯಕೀಯ ಮಹಾವಿದ್ಯಾಲಯದ ಆಸ್ಪತ್ರೆ ಇದೆ. ಸಂಚಾರಿ ಪಶು ಚಿಕಿತ್ಸಾ ವಾಹನದ ಸಹಾಯವಾಣಿ 1962. ದನಕರುಗಳಿಗೆ ಅಂತ ಮುಖ್ಯವಾಗಿ ಮಾಡಿದ ಸೇವೆ ಅದಾದರೂ ಕರೆ ಮಾಡಿ ಸಲಹೆ ಕೇಳಬಹುದು. ಕಪ್ಪು ಪುಡಿ ಪಾಷಾಣ ತಿಂದ ನಾಯಿಯನ್ನು ಕಾರಿನಲ್ಲಿ ಒಯ್ಯುವಾಗ ಮಳೆ ಇದ್ದರೂ ಕಿಟಕಿ ಗಾಜು ಇಳಿಸಿಯೇ ಇರಲಿ. ಅದು ವಾಂತಿ ಮಾಡಿದರೆ ಏಳುವ ಗಾಳಿ ಕಾರಿನಲ್ಲಿ ಕೂತವರಿಗೂ ವಿಷ.